ದಸರಾ ರಜಾ ಮುಗೀತು, ಸೋಮವಾರ ಡ್ಯೂಟಿ: ಉಪದೇಶ ಬ್ಯಾಡ, ಉಪಾಯ ಹೇಳ್ರಿ

ಹೊಸೂರ ಕ್ರಾಸ್
ಬನ್ನಿ ಕೊಟ್ಟಾತು, ಬಂಗಾರದಂಗ ಇರೋಣು ಅಂದಾತು. ಸೋಮವಾರ ಮುಂಜಾನೆ 10ಕ್ಕ ಆ ಬಂಗಾರ ಎಲ್ಲಾ ತಗಡ ಆಗತೈತಿ. ಹತ್ತು ದಿನ ರಜಾ ಮುಗಿಸಿ ಕುರ್ಚಿ ಮ್ಯಾಲೆ ಕುಂತ್ರ ಪಾಸ್‌ವರ್ಡ್ ನೆನಪಿರೂದಿಲ್ಲ, ಗಾಡಿ ಚಾಲೂ ಆಗೂದಿಲ್ಲ, ಮಧ್ಯಾಹ್ನ ಕಣ್ಣ ತೆರಿಯೂದಿಲ್ಲ. "ಮನಸ್ಸ ಗಟ್ಟಿ ಮಾಡ್ಕೋರಿ, ಕೆಲಸಾನ ದೇವರು" ಅನ್ನಾವ್ರು ದಯಮಾಡಿ ಮುಂದಿನ ಬಾಗಲಕ್ಕ ಹೋಗ್ರಿ. ಏನು ಕೆಡತೈತಿ, ಯಾಕ ಕೆಡತೈತಿ, ಯಾವ ದಿನ ಏನು ಮಾಡಿದ್ರ ಕೆಡೂದಿಲ್ಲ, ಇಷ್ಟ ಬರೀರಿ. ನಮ್ಮ ಮಾವಗ ಹಿಂಗಾತು, ನಮ್ಮ ಸಾಹೇಬ ಹಂಗಂದ ಅನ್ನೋ ಪುರಾಣಕ್ಕ ಬ್ಯಾರೆ ಕಟ್ಟಿ ಅದಾವ.

ಹೆಲ್ಪ್‌ಡೆಸ್ಕ್ ಹೈದ
ಪಾಸ್‌ವರ್ಡಿಂದ ಶುರು ಮಾಡೋಣು. ರಜಾ ಆದ ಮ್ಯಾಲಿನ ಸೋಮವಾರ ಹೆಲ್ಪ್‌ಡೆಸ್ಕಿಗೆ ಬರೋ ಫೋನಿನ್ಯಾಗ ಮೊದಲನೇದು ಇದ.

ಪಾಸ್‌ವರ್ಡ್ ನೆನಪಿದ್ರೂ ತಗೊಳ್ಳೂದಿಲ್ಲ ಅಂದ್ರ ಎರಡು ಕಡೆ ನೋಡ್ರಿ. ಒಂದು, ಕ್ಯಾಪ್ಸ್ ಲಾಕ್. ಎರಡು, ಕೀಲಿಮಣೆ ಕನ್ನಡಕ್ಕ ತಿರುಗಿರತೈತಿ. ಲಾಗಿನ್ ಪರದೆಯ ಕೆಳಗ ಬಲಗಡೆ ಭಾಷಾದ ಗುರುತು ಇರತೈತಿ. ವಿಂಡೋಸ್ ಕೀ ಜೋಡಿ ಸ್ಪೇಸ್ ಒತ್ತಿದ್ರ ಬದಲಾಗತೈತಿ. ನೀವು ಒತ್ತೂದು ಇಂಗ್ಲಿಷ್ ಅಕ್ಷರ, ಅದು ತಗೊಳ್ಳೂದು ಕನ್ನಡ. ಚುಕ್ಕಿ ಚುಕ್ಕಿ ಕಾಣೂದ್ರಿಂದ ಗೊತ್ತಾಗೂದಿಲ್ಲ. ಮೂರು ಸಲ ತಪ್ಪಿದ ಮ್ಯಾಲೆ ನಾಕನೇದ್ದು ಹೊಡೀಬ್ಯಾಡ್ರಿ, ಖಾತೆ ಕೀಲಿ ಬೀಳಬಹುದು.

ಇನ್ನ ಪಾಸ್‌ವರ್ಡ್ ಅವಧಿ ರಜಾದಾಗ ಮುಗಿದು, ಸೋಮವಾರ ಹೊಸಾದು ಹಾಕಿದ್ರಿ ಅಂತ ಇಟ್ಕೋರಿ. ಹತ್ತು ನಿಮಿಷಕ್ಕ ಖಾತೆ ಮತ್ತ ಕೀಲಿ. ತೆಗಿಸಿದ್ರಿ, ಮತ್ತ ಕೀಲಿ. ಇದರ ಕಳ್ಳ ನಿಮ್ಮ ಕಿಸೆದಾಗ ಇರತಾನ. ಮೊಬೈಲಿನ್ಯಾಗಿನ ಮೇಲ್ ಆ್ಯಪು ಹಳೇ ಪಾಸ್‌ವರ್ಡ್ ಹಿಡಕೊಂಡು ಬಾಗಲಾ ಬಡದs ಬಡೀತಿರತೈತಿ, ಸರ್ವರ್ ಅದನ್ನ ತಪ್ಪು ಪ್ರಯತ್ನ ಅಂತ ಎಣಸತೈತಿ. ಅದಕ್ಕ ಕ್ರಮ ಹಿಂಗ: ಮೊದಲು ಮೊಬೈಲ್ ಏರೋಪ್ಲೇನ್ ಮೋಡಿಗೆ ಹಾಕ್ರಿ, ಕಂಪ್ಯೂಟರಿನ್ಯಾಗ ಪಾಸ್‌ವರ್ಡ್ ಬದಲಿ ಮಾಡ್ರಿ, ಆಮ್ಯಾಲೆ ಮೊಬೈಲ್ ಚಾಲೂ ಮಾಡಿದ ಕೂಡಲೇ ಅಲ್ಲೂ ಹೊಸಾದು ಹಾಕ್ರಿ. ಟ್ಯಾಬ್ ಇದ್ರ ಅದಕ್ಕೂ.

ಲ್ಯಾಪ್‌ಟಾಪ್ ಮನ್ಯಾಗಿದ್ರ ರವಿವಾರ ಸಂಜಿಕೆ ಒಂದು ತಾಸು ಚಾರ್ಜಿಗೆ ಹಚ್ಚಿ, ನೆಟ್ ಕೊಟ್ಟು ಇಡ್ರಿ. ಹತ್ತು ದಿನದ ಅಪ್‌ಡೇಟ್ ಎಲ್ಲಾ ಕೂಡಿ ಸೋಮವಾರ 10 ಗಂಟೆ ಮೀಟಿಂಗಿನ್ಯಾಗs "ಆಫ್ ಮಾಡಬ್ಯಾಡ್ರಿ" ಅಂತ ನೀಲಿ ಪರದೆ ತೋರಸೂದು ಹಂಗ ತಪ್ಪತೈತಿ. ಕೆಲವರಿಗೆ ಅದು ವರಾ ಇದ್ದಂಗ. ಅಂಥವರು ಈ ಪ್ಯಾರಾ ಬಿಟ್ಟು ಓದ್ರಿ.

ಕಡತ ಕಾಕಾ
ಡಿಜಿಟಲ್ ಸಹಿ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಸಹಿಯ ಕಡ್ಡಿ) ಬಳಸುವವರು ವಿಶೇಷವಾಗಿ ಎಚ್ಚರ ವಹಿಸತಕ್ಕದ್ದು. ಅದರ ಪಿನ್ ನೆನಪಿಲ್ಲದಿದ್ದರೆ ಊಹೆ ಮಾಡಿ ಒತ್ತಬೇಡಿ. ಕಂಪ್ಯೂಟರಿನ ಖಾತೆಯನ್ನು ಹೆಲ್ಪ್‌ಡೆಸ್ಕಿನವರು ತೆರೆಯುತ್ತಾರೆ. ಡಾಂಗಲ್ ಕೀಲಿ ಬಿದ್ದರೆ ಕೊಟ್ಟ ಏಜೆನ್ಸಿಗೇ ಅಲೆಯಬೇಕು. ಅಲ್ಲಿಯತನಕ ಕಡತಗಳು ಮೇಜಿನ ಮೇಲೆ ಬಿದ್ದುಕೊಂಡು ನಿಮ್ಮನ್ನೇ ನೋಡುತ್ತಿರುತ್ತವೆ.

ಗಿರ್ಮಿಟ್ ಪ್ರಿಯ
ಮೇಲ್ 600 ಬಂದಿರತಾವ್ರಿ. ಅದಕ್ಕ ಏನು?

ಹೆಲ್ಪ್‌ಡೆಸ್ಕ್ ಹೈದ
ಕೆಳಗಿಂದ ಮ್ಯಾಲೆ ಓದಿದ್ರ ಶುಕ್ರವಾರಕ್ಕ ಮುಗೀತಾವ. ಮ್ಯಾಲಿಂದ ಕೆಳಗ ಬರ್ರಿ, ಹೊಸಾದು ಮೊದಲು. ಒಂದs ವಿಷಯದ ಮೇಲ್ ಒಂದು ಗಂಟ ಕಟ್ಟೋ ವ್ಯವಸ್ಥಾ ಬಹುತೇಕ ಮೇಲ್‌ನ್ಯಾಗ ಇರತೈತಿ, ಅದನ್ನ ಚಾಲೂ ಮಾಡಿ ಗಂಟಿನ ಕಡೀ ಮೇಲ್ ಅಷ್ಟ ತೆಗೀರಿ. "ಅರ್ಜೆಂಟ್" ಅಂತ ಬಂದಿದ್ದಕ್ಕ ಎರಡು ದಿನದ ಮ್ಯಾಲೆ "ಆತು, ಬಿಡ್ರಿ" ಅಂತ ಅವರs ಬರೆದಿರತಾರ. ನೀವು ಮೊದಲನೇದು ಓದಿ ಉತ್ತರಾ ಬರದ್ರ, ಸತ್ತ ವಿಷಯ ಎದ್ದು ಕುಂಡ್ರತೈತಿ, ಆಮ್ಯಾಲೆ ಅದರ ಕ್ರಿಯಾಕರ್ಮನೂ ನಿಮ್ಮ ಪಾಲಿಗೆ.

ನಿಮ್ಮ ಹೆಸರಿಗೆ ನೇರ ಬಂದಿದ್ದು ಒಂದು ಕಡೆ, ಬರೇ ಪ್ರತಿ (ಸಿಸಿ) ಹಾಕಿದ್ದು ಇನ್ನೊಂದು ಕಡೆ ಬೀಳೂ ಹಂಗ ನಿಯಮ ಹಾಕ್ರಿ. ಪ್ರತಿ ಬಂದಿದ್ದಕ್ಕ ಬುಧವಾರದ ಮಟಾ ಕೈ ಹಚ್ಚಬ್ಯಾಡ್ರಿ. ಸೋಮವಾರ ಮಧ್ಯಾಹ್ನ 12ರ ಒಳಗ ಯಾರಿಗೂ ಉತ್ತರಾ ಕಳಸಬ್ಯಾಡ್ರಿ, ಓದಿ ಗುರುತು ಮಾಡೂದಷ್ಟ. ಮುಂದಿನ ಸಲಕ್ಕ ಒಂದು ಮಾತು: ರಜಾದಾಗ ತಾನs ಹೋಗೋ ಉತ್ತರದಾಗ "ಮಂಗಳವಾರ ಸಿಗತೀನಿ" ಅಂತ ಬರೀರಿ, ಸೋಮವಾರ ಹೋಗ್ರಿ. ಆ ಒಂದು ದಿನ ನಿಮ್ಮದು.

ವಾಟ್ಸಾಪ್ ಗ್ರೂಪಿನ್ಯಾಗ 900 ಬನ್ನಿ ಎಲಿ ಫೋಟೋ ನಡುವ ಒಂದು ಸುತ್ತೋಲೆ ಹುದಗಿರತೈತಿ. ಗ್ರೂಪಿನ ಹೆಸರು ಒತ್ತಿ, ಮೀಡಿಯಾ ಒಳಗ ಹೋಗಿ, ಡಾಕ್ಯುಮೆಂಟ್ಸ್ ಅನ್ನೋ ಸಾಲು ನೋಡ್ರಿ. ಕಡತ ಅಷ್ಟs ಕಾಣತಾವ. ನಿಮ್ಮನ್ನ ಯಾರರ ಹೆಸರು ಹಿಡಿದು ಕರದಿದ್ರ ಗ್ರೂಪ್ ತೆಗದ ಕೂಡಲೇ ಬಲಕ್ಕ ಕೆಳಗ ಒಂದು ಗುರುತು ಕಾಣತೈತಿ, ಒತ್ತಿದ್ರ ನೇರ ಅಲ್ಲಿಗೆ ಒಯ್ಯತೈತಿ.

ಉಣಕಲ್ ಕೆರಿ
ಸೋಮವಾರನs ಯಾಕ ಹೋಗಬೇಕ್ರಿ? ಗುರುವಾರ ಸೇರ್ರಿ. ಎರಡು ದಿನ ಕೆಲಸ, ಶನಿವಾರ ಹೆಂಗೋ ದಾಟತೈತಿ, ಮತ್ತ ರವಿವಾರ. ಹೊಳಿಗೆ ಇಳಿಯೂ ಮುಂದ ಕಾಲು ಮೊದಲು ಇಟ್ಟು ನೋಡತೀವಲ್ಲ, ಹಂಗ.

ಕಡತ ಕಾಕಾ
ಕೇಳಲಿಕ್ಕೆ ಚೆಂದ. ಸರ್ಕಾರಿ ನೌಕರರಿಗೆ ಇದರ ಬೆಲೆ ಎಷ್ಟು ಅಂತ ಲೆಕ್ಕ ಹಾಕೋಣ.

ಗಳಿಕೆ ರಜೆ ವರ್ಷಕ್ಕೆ 30 ದಿನ: ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಜಮಾ. ಕೂಡಿಡಲು ಮಿತಿ 300 ದಿನ. ಈ ರಜೆಯ ನಡುವೆ ಬರುವ ರವಿವಾರವೂ ರಜೆಯ ಲೆಕ್ಕಕ್ಕೇ ಹೋಗುತ್ತದೆ. ಅಂಚಿನಲ್ಲಿ ಬಂದರೆ ಹೋಗುವುದಿಲ್ಲ. ಇಷ್ಟೇ ಗುಟ್ಟು.

ಸೋಮವಾರದಿಂದ ಶನಿವಾರದವರೆಗೆ ರಜೆ ಹಾಕಿ, ಹಿಂದಿನ ಮುಂದಿನ ಎರಡೂ ರವಿವಾರ ಸೇರಿಸಿಕೊಂಡರೆ ಮನೆಯಲ್ಲಿ 8 ದಿನ, ಖಾತೆಯಿಂದ ಹೋಗುವುದು 6. ಅದೇ ಬುಧವಾರ ಹೊರಟು ಮುಂದಿನ ಬುಧವಾರ ಮುಗಿಸಿ ಗುರುವಾರ ಹಾಜರಾದರೆ ಮನೆಯಲ್ಲಿ ಅದೇ 8 ದಿನ, ಖಾತೆಯಿಂದ ಹೋಗುವುದು 8. ಉಣಕಲ್ ಕೆರೆಯವರ "ಕಾಲು ಮೊದಲು ಇಡುವ" ಪದ್ಧತಿಗೆ ಎರಡು ದಿನದ ದಂಡ. ಶನಿವಾರ ನಾಲ್ಕನೆಯದಾಗಿದ್ದರೆ ಸೋಮವಾರದವರಿಗೆ ಇನ್ನೂ ಲಾಭ: 5 ದಿನ ಕೊಟ್ಟು 8 ದಿನ. ಆಯುಧ ಪೂಜೆ, ವಿಜಯದಶಮಿಗಳಿಗೂ ಇದೇ ನ್ಯಾಯ. ರಜೆಯ ನಡುವೆ ಬಿದ್ದರೆ ನುಂಗಿ ಹೋದವು, ಅಂಚಿಗೆ ಬಂದರೆ ಪುಕ್ಕಟೆ. ಆದರೆ ಅರ್ಜಿಯಲ್ಲಿ "ಹಿಂದಿನ ಹಾಗೂ ಮುಂದಿನ ಸಾರ್ವತ್ರಿಕ ರಜಾ ದಿನಗಳನ್ನು ಬಳಸಿಕೊಳ್ಳಲು ಅನುಮತಿ ಕೋರಿ" ಎಂಬ ಸಾಲು ಇರಲೇಬೇಕು. ಮರೆತವರು ಅದನ್ನು ಆಮೇಲೆ ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ.

ಇನ್ನೆರಡು ಮಾತು. ಗಳಿಕೆ ರಜೆಗೆ ಬಾಲಂಗೋಚಿಯಾಗಿ ಒಂದು ದಿನ ಸಾಂದರ್ಭಿಕ ರಜೆ ಅಂಟಿಸಲು ಬರುವುದಿಲ್ಲ. ವೈದ್ಯಕೀಯ ಪ್ರಮಾಣಪತ್ರದ ಮೇಲೆ ರಜೆ ಹೋದವರು ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದೆ ಬಂದರೆ ಹಾಜರು ಮಾಡಿಕೊಳ್ಳುವಂತಿಲ್ಲ. ಹಬ್ಬಕ್ಕೆ ಸರಿಯಾಗಿ ಬಂದು ಏಕಾದಶಿಗೆ ಇಳಿಯುವ ಜ್ವರದವರು ಇದನ್ನು ನೆನಪಿಡಿ. ಹಾಜರಾದ ವರದಿಯಲ್ಲಿ "ಪೂರ್ವಾಹ್ನ" ಎಂದು ಬರೆಯಿರಿ. ಬರೆಯದಿದ್ದರೆ ಅರ್ಧ ದಿನದ ತಕರಾರು ವೇತನ ಬಿಲ್ಲಿನಲ್ಲಿ ಎದ್ದು ಬರುತ್ತದೆ.

ಉಣಕಲ್ ಕೆರಿ
ಕಾಕಾ, ಸೋತೆ. ಖಾಸಗಿಯವರಿಗೆ ನನ್ನ ಮಾತು ನಡೀತೈತಿ ಅಂತ ಬರಕೊಳ್ರಿ.

ನಿದ್ದಿ ವಿಷಯ ಹೇಳಿ ಹೋಗತೀನಿ. ದೇಹದ ಗಡಿಯಾರ ದಿನಕ್ಕ ಸುಮಾರು ಒಂದು ತಾಸಷ್ಟ ಸರೀತೈತಿ. ರಜಾದಾಗ 9ಕ್ಕ ಏಳಾವ್ರು ಸೋಮವಾರ 6ಕ್ಕ ಏಳಬೇಕಂದ್ರ ಮೂರು ದಿನ ಬೇಕು: ಶುಕ್ರವಾರ 8, ಶನಿವಾರ 7, ರವಿವಾರ 6. ಮಲಗೋ ಹೊತ್ತು ಹಿಡೀಲಿಕ್ಕೆ ಹೋಗಬ್ಯಾಡ್ರಿ, ಏಳೋ ಹೊತ್ತು ಹಿಡೀರಿ. ಎದ್ದ ಕೂಡಲೇ 15–20 ನಿಮಿಷ ಬಿಸಲಿನ್ಯಾಗ ಅಡ್ಡಾಡ್ರಿ. ರವಿವಾರ ಮಧ್ಯಾಹ್ನ 3ರ ಮ್ಯಾಲೆ ಚಾ ಬ್ಯಾಡ. ಕುಡದ ಕೆಫೀನಿನ ಅರ್ಧಾ ಐದಾರು ತಾಸಿನ ಮ್ಯಾಲೂ ಮೈಯಾಗ ಇರತೈತಿ. ಬೆಂಗಳೂರಿಂದ ರವಿವಾರ ರಾತ್ರಿ ರೈಲಿಗೆ ಬಂದು ನೇರ ಆಫೀಸಿಗೆ ಹೋಗತೀನಿ ಅನ್ನಾವ್ರಿಗೆ ಮಾತ್ರ ಯಾವ ಉಪಾಯನೂ ಇಲ್ಲ. ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಉದ್ದ 1507 ಮೀಟರ್. ಕಡೀ ಡಬ್ಬಿಯಿಂದ ಇಳಿದು ಮೂರು ಚೀಲಾ ಹೊತ್ತು ಬಾಗಲದ ಮಟಾ ಬರೋದ್ರಾಗ ವ್ಯಾಯಾಮ ಆಗಿರತೈತಿ.

ಗೋಕುಲ ರೋಡ್ ಲೇಥ್
ಕಂಪ್ಯೂಟರ್ ಮಂದಿ ಮಾತು ಮುಗೀತಾ? ವರ್ಕ್‌ಶಾಪಿನ ಸೋಮವಾರ ಬ್ಯಾರೆನs ಇರತೈತಿ, ಅದಕ್ಕ ವಾಸನಿ ಇರತೈತಿ.

ಬಾಗಲಾ ತೆಗದ ಕೂಡಲೇ ಕೊಳತ ತತ್ತಿ ವಾಸನಿ ಹೊಡದ್ರ ಗಟಾರ ನೋಡಾಕ ಹೋಗಬ್ಯಾಡ್ರಿ, ಅದು ಕೂಲಂಟ್, ಅಂದ್ರ ಕಬ್ಬಿಣ ಕೊರಿಯೂ ಮುಂದ ತಂಪಿಗೆ ಬಿಡೋ ಎಣ್ಣಿ-ನೀರು. ಮಷೀನ್ ನಿಂತಾಗ ಸ್ಲೈಡಿನ (ಜಾರೋ ಭಾಗದ) ಎಣ್ಣಿ ಟಾಕಿಯೊಳಗ ಮ್ಯಾಲೆ ತೇಲಿ ಕೆನಿ ಕಟ್ಟಿದಂಗ ಕಟ್ಟತೈತಿ. ಕೆಳಗ ಗಾಳಿ ಹೋಗೂದಿಲ್ಲ. ಗಾಳಿ ಬ್ಯಾಡಾದ ಬ್ಯಾಕ್ಟೀರಿಯಾ ಬೆಳದು ಆ ವಾಸನಿ ಬಿಡತಾವ. ರಜಾಕ್ಕಿಂತ ಮೊದಲು ಆ ಎಣ್ಣಿ ತೆಗದಿದ್ರ ಅರ್ಧಾ ತ್ರಾಸ ಇರತಿರಲಿಲ್ಲ. ಈಗ ಆಗಿ ಹೋಗೈತಿ ಅಂದ್ರ, ಸಣ್ಣ ವಾಸನಿ ಇದ್ರ ಎಣ್ಣಿ ತೆಗದು ಪಂಪ್ ಚಾಲೂ ಇಟ್ಟು ಕೂಲಂಟ್ ಆಡಸ್ರಿ. ಪಿಎಚ್ (ಹುಳಿ-ಕ್ಷಾರದ ಅಳತಿ) 9ರ ಆಜೂಬಾಜೂ ಇರಬೇಕು, 8.5ರ ಕೆಳಗ ಇಳದು, ಬಣ್ಣ ಬೂದಿ ಆಗಿದ್ರ ಉಳಿಸೋ ಆಸೆ ಬಿಡ್ರಿ. ಪೂರಾ ತೆಗೀರಿ, ಟಾಕಿ ತಳದಾಗಿನ ಚಿಪ್ ಮತ್ತ ರಾಡಿ ತಗೀರಿ, ತೊಳೀರಿ, ಹೊಸಾದು ಹಾಕ್ರಿ. ತಳದ ರಾಡಿ ಬಿಟ್ಟು ಮ್ಯಾಲೆ ಹೊಸಾದು ಸುರದ್ರ ವಾರದಾಗ ಮತ್ತ ಅದs ವಾಸನಿ.

ಹೊಸಾದು 5% ಅಂದ್ರ 95 ಲೀಟರ್ ನೀರಿಗೆ 5 ಲೀಟರ್ ಕೂಲಂಟ್ ಎಣ್ಣಿ. ನೀರಿನ್ಯಾಗ ಎಣ್ಣಿ ನಿಧಾನ ಸುರೂದು, ಎಣ್ಣಿಯೊಳಗ ನೀರಲ್ಲ. ಉಲ್ಟಾ ಮಾಡಿದ್ರ ಹಾಲಿನಂಗ ಆಗೋ ಬದಲಿ ಒಡದ ಮಜ್ಜಿಗಿ ಆಗತೈತಿ. ಬೋರಿನ ಗಡಸು ನೀರಿಗೂ ಅದು ಒಡೀತೈತಿ, ನಳದ ನೀರು ಹಿಡದಿಟ್ಟು ಹಾಕ್ರಿ.

ಗಿರ್ಮಿಟ್ ಪ್ರಿಯ
ಬ್ಲೀಚಿಂಗ್ ಪೌಡರ್ ಒಂದು ಮುಷ್ಠಿ ಒಗದ್ರ ವಾಸನಿ ಹೋಗೂದಿಲ್ಲೇನು?

ಗೋಕುಲ ರೋಡ್ ಲೇಥ್
ವಾಸನಿ ಹೋಗತೈತಿ, ಜೋಡೀಲೆ ಮಷೀನೂ ಹೋಗತೈತಿ. ಕ್ಲೋರಿನ್‌ಗೆ ಕಬ್ಬಿಣ ತುಕ್ಕ ಹಿಡೀತೈತಿ. ಬ್ಯಾಡ.

ಈಗ ಖಂಡೇ ಪೂಜೆ (ಆಯುಧ ಪೂಜೆ) ವಿಷಯ. ದೇವರ ಮ್ಯಾಲೆ ಸಿಟ್ಟಿಲ್ಲ ಅಂತ ಮೊದಲ ಹೇಳತೀನಿ. ಅರಿಷಿಣ ಕುಂಕುಮ ಗಾಳ್ಯಾಗಿನ ಹಸಿ ಹೀರಿಕೊಂಡು ಹಿಡಕೊಂಡು ಕುಂಡ್ರತಾವ. ತೆಂಗಿನ ನೀರಿನ್ಯಾಗ ಉಪ್ಪಿನಂಶ, ನಿಂಬಿಹಣ್ಣಿನ್ಯಾಗ ಹುಳಿ. ಇವನ್ನ ಬೋಳು ಬೆಡ್ಡಿನ (ಲೇಥಿನ ಉದ್ದ ಕಬ್ಬಿಣದ ಹಾಸಿನ) ಮ್ಯಾಲೆ ಹಚ್ಚಿ ನಾಕು ದಿನ ಶಟರ್ ಹಾಕಿದ್ರ, ಸೋಮವಾರ ಕುಂಕುಮ ಒರೆಸಿದ ಜಾಗಾದಾಗ ಅದs ಆಕಾರದ ತುಕ್ಕ ಸಿಗತೈತಿ. ಮೂರು ಬಟ್ಟಿನ ವಿಭೂತಿ ಗೆರಿ ಸುದ್ದಾ ಅಚ್ಚ ಮೂಡಿರತೈತಿ. ಹಚ್ಚೂದಾದ್ರ ಹೆಡ್‌ಸ್ಟಾಕಿನ ಬಣ್ಣ ಬಳದ ಮೈಗೆ ಹಚ್ಚರಿ, ಬೆಡ್ಡಿಗೆ ಎಣ್ಣಿ ಹಚ್ಚಿ ಹಾಳಿ ಹಾಸ್ರಿ.

ಆಗಿದ್ದಕ್ಕ: ಕಾಟನ್ ವೇಸ್ಟಿಗೆ ಸೀಮೆಎಣ್ಣಿ ಇಲ್ಲಾ ಡೀಸೆಲ್ ತೋಯಿಸಿ ಒರೆಸ್ರಿ. ತೆಳು ತುಕ್ಕಿಗೆ ಸಣ್ಣ ನುಣಪಿನ ಆಯಿಲ್ ಸ್ಟೋನ್ ಎಣ್ಣಿ ಹಾಕಿ ಹಗರಕ ಆಡಸ್ರಿ. ಒಣಾ ಎಮರಿ ಪೇಪರ್ ಹಚ್ಚಿದ್ರ ಅದರ ಪುಡಿ ಸ್ಲೈಡಿನ ಸಂದ್ಯಾಗ ಕುಂತು ವರ್ಷಗಟ್ಟಲೆ ತಿನ್ನತೈತಿ. ಕಡೀಕೆ 68 ನಂಬರ್ ಸ್ಲೈಡ್ ಆಯಿಲ್.

ಸ್ವಿಚ್ ಹಾಕೂಕಿಂತ ಮೊದಲು ಚಕ್ (ಪೀಸು ಹಿಡಕೊಂಡು ತಿರಗೋ ಭಾಗ) ನೋಡ್ರಿ. ಒಣಗಿದ ಹೂವಿನ ಸರ ಸುತ್ತಿಕೊಂಡಿರತೈತಿ, ಅದಕ್ಕಿಂತ ಕೆಟ್ಟದ್ದು ಚಕ್ ಕೀ ಅಲ್ಲೇ ಸಿಗಸಿ ಬಿಟ್ಟಿರತಾರ. ಚಾಲೂ ಮಾಡಿದ್ರ ಅದು ಗುಂಡಿನಂಗ ಹಾರತೈತಿ. ಕೈಲೆ ಒಂದು ಸುತ್ತ ತಿರಗಿಸಿ ಆಮ್ಯಾಲೆ ಸ್ವಿಚ್. ಮೊದಲ 10–15 ನಿಮಿಷ 300–500 ಆರ್‌ಪಿಎಂ, ಬಿಸಿ ಆದ ಮ್ಯಾಲೆ ಏರಸ್ಕೋತ ಹೋಗ್ರಿ. ಥಂಡಿ ಮಷೀನಿನ್ಯಾಗ ಮೈಕ್ರಾನ್ ಕೆಲಸ ಹಿಡದ್ರ ಮುಂಜಾನೆ ಮಾಡಿದ ಪೀಸಿಗೂ ಮಧ್ಯಾಹ್ನ ಮಾಡಿದ್ದಕ್ಕೂ ಅಳತಿ ಕೂಡೂದಿಲ್ಲ. ಕಂಪ್ರೆಸರ್ ತಳದ ನೀರು ಬಿಡ್ರಿ. ಸಿಎನ್‌ಸಿ (ಕಂಪ್ಯೂಟರ್ ನಡಸೋ ಮಷೀನ್) ಬ್ಯಾಟರಿ ಎಚ್ಚರಿಕಿ ತೋರಿಸಿದ್ರ ಪವರ್ ಚಾಲೂ ಇಟ್ಟs ಬ್ಯಾಟರಿ ಬದಲಿ ಮಾಡ್ರಿ. ಬಂದ್ ಮಾಡಿ ತೆಗದ್ರಿ ಅಂದ್ರ ಮಷೀನಿಗೆ ತನ್ನ ಮನಿ ಎಲ್ಲಿ ಅನ್ನೂದು ಮರತು ಹೋಗತೈತಿ. ರಜಾ ಮುಗಿಸಿ ಬಂದ ನಮ್ಮಂಗs.

ಬೆಟಗೇರಿ ಮಸಿ
ಲೇಥ್ ಅಣ್ಣಾರ ಮಾತಿಗೆ ಆಫ್‌ಸೆಟ್ ಪ್ರೆಸ್ಸಿಂದು ಜೋಡಸತೀನಿ. ಡಬ್ಬಿಯೊಳಗ ಮಸಿ ಮ್ಯಾಲೆ ತೊಗಲು ಕಟ್ಟಿರತೈತಿ. ಕಲಿಸಬ್ಯಾಡ್ರಿ, ಚಾಕುಲೆ ಸುತ್ತಲೂ ಕೊರದು ಹಪ್ಪಳದಂಗ ಎತ್ತಿ ಒಗೀರಿ. ಕಲಿಸಿದ್ರ ಆ ಚೂರು ರೋಲರ್ ಹತ್ತಿ ದೊಡ್ಡ ಅಕ್ಷರದಾಗ ಬಿಳಿ ಚುಕ್ಕಿ ಬೀಳತಾವ. ಫೌಂಟನ್ ನೀರು (ಅಚ್ಚಿನ ಪ್ಲೇಟ್ ಹಸಿ ಇಡೋ ನೀರು) ವಾರದ ಮ್ಯಾಲಿಂದಿದ್ರ ಚೆಲ್ಲಿ ಹೊಸಾದು ಮಾಡ್ರಿ, ಪಿಎಚ್ 4.5ರಿಂದ 5.5. ತೆರದಿಟ್ಟ ರೀಮಿನ ಅಂಚು ಹಸಿ ಕುಡದು ಅಲಿ ಅಲಿ ಆಗಿದ್ರ ಆ ಹಾಳಿ ಮೊದಲು ಹಾಕಿ ಮಷೀನ್ ಹೊಂದಿಸಿಕೋರಿ. ಹೆಂಗೂ ಮೊದಲ 50–100 ಹಾಳಿ ರದ್ದಿ. ತುಳಸಿ ಲಗ್ನ ಆಗೂ ಮಟಾ ಮದವಿ ಪತ್ರಿಕಿ ಗದ್ದಲ ಇರೂದಿಲ್ಲ. ಅಷ್ಟರಾಗ ರೋಲರ್ ನೆಟ್ಟಗ ತೊಳದು ಬಿಡ್ರಿ.

ಸಾಲಿ ಅಕ್ಕೋರು
ನಮ್ಮ ಕಡೆಯ ಎರಡು ವಿಷಯ ಮಾತ್ರ, ಬಿಸಿಯೂಟ ಮತ್ತು ನೀರು. ಮೊದಲ ದಿನ ಮಕ್ಕಳು ಇನ್ನೂ ಅಜ್ಜಿ ಊರಿನಲ್ಲೇ ಇರುತ್ತಾರೆ. ಹಾಜರಿ ಪುಸ್ತಕದ ಸಂಖ್ಯೆ ನೋಡಿ ಅಕ್ಕಿ ತೊಳೆಯಬೇಡಿ, ತಲೆ ಎಣಿಸಿ ತೊಳೆಯಿರಿ. 1ರಿಂದ 5ನೇ ತರಗತಿಗೆ ಮಗುವಿಗೆ 100 ಗ್ರಾಂ, 6ರಿಂದ 8ಕ್ಕೆ 150 ಗ್ರಾಂ. ಸಣ್ಣವರು 40, ದೊಡ್ಡವರು 20 ಬಂದಿದ್ದರೆ 4 ಮತ್ತು 3, ಒಟ್ಟು 7 ಕೆಜಿ. ಅಕ್ಕಿಗೆ ನುಸಿ ಹತ್ತಿದ್ದರೆ ಜರಡಿ ಹಿಡಿದು ನೆರಳಿನಲ್ಲಿ ಹರವಿ. ಔಷಧದ ಗುಳಿಗೆ ಹತ್ತಿರಕ್ಕೂ ತರಬೇಡಿ. ಟ್ಯಾಂಕಿನ ಹಳೆ ನೀರು ಪೂರಾ ಬಿಟ್ಟು, ತಿಕ್ಕಿ ತೊಳೆದು ತುಂಬಿಸಿ. ಒಳ್ಳೆ ಬ್ಲೀಚಿಂಗ್ ಪೌಡರ್ 1000 ಲೀಟರಿಗೆ 2.5 ಗ್ರಾಂ, ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ, ಒಂದು ತಾಸು ಬಿಟ್ಟು ನಳ ತೆರೆಯಿರಿ.

ಧ್ವನಿ ವಿಷಯ ಮರೆತೆ. ಮೊದಲ ತಾಸಿಗೇ ಚೀರಿದರೆ ಬುಧವಾರಕ್ಕೆ ಗಂಟಲು ಕೂರುತ್ತದೆ. ಮೊದಲ ದಿನ ಬರೆಯುವ ಕೆಲಸ ಕೊಡಿ.

ಬ್ಯಾಡಗಿ ಖಾರ
ಎಲ್ಲಾರು ಮಷೀನ್ ಅಂದ್ರು, ಡಬ್ಬಿ ಬಗ್ಗೆ ಯಾರೂ ಅನ್ನಲಿಲ್ಲ. ಸೋಮವಾರ ಮುಂಜಾನೆ ಒಲಿ ಹಚ್ಚೋ ಜೀವ ಯಾರಿಗೂ ಇರೂದಿಲ್ಲ. ಅದಕ್ಕs ಖಡಕ್ ರೊಟ್ಟಿ ಹುಟ್ಟಿದ್ದು. ಬಿಸಿ ನೀರು ಎರಡೂ ಮಗ್ಗಲ ಚಿಮಕಿಸಿ ಒದ್ದಿ ಅರಿವ್ಯಾಗ ಹತ್ತು ನಿಮಿಷ ಸುತ್ತಿಟ್ರ ಮೆತ್ತಗಾಗತಾವ. ಜೋಡಿ ಶೇಂಗಾ ಹಿಂಡಿ: ಶೇಂಗಾ 250 ಗ್ರಾಂ ಸಣ್ಣ ಉರಿಮ್ಯಾಲೆ ಹುರದು ಸಿಪ್ಪಿ ತೆಗೀರಿ, ಬಳ್ಳೊಳ್ಳಿ 8–10 ಎಸಳು, ಜೀರಗಿ ಒಂದು ಚಮಚೆ, ಬ್ಯಾಡಗಿ ಖಾರದ ಪುಡಿ ಎರಡು ದೊಡ್ಡ ಚಮಚೆ, ಉಪ್ಪು. ಮಿಕ್ಸರ್ ಆದ್ರ ಬಿಟ್ಟು ಬಿಟ್ಟು ತಿರಗಸ್ರಿ. ಒಂದs ಸವನ ತಿರಗಿಸಿದ್ರ ಬಿಸಿಗೆ ಎಣ್ಣಿ ಬಿಟ್ಟು ಮುದ್ದಿ ಆಗತೈತಿ. ಮೊಸರು, ಒಂದು ಉಳ್ಳಾಗಡ್ಡಿ, ಮುಗೀತು. ಎಣ್ಣಿಗಾಯಿ ಬುಧವಾರಕ್ಕ ಇಟ್ಕೋರಿ. ಮಧ್ಯಾಹ್ನ 2ಕ್ಕ ಹೆಂಗೂ ಮೈ ಜೋಲಿ ಹೊಡೀತೈತಿ, ಅದರ ಮ್ಯಾಲೆ ಎಣ್ಣಿಗಾಯಿ ಅಂದ್ರ ಕುರ್ಚಿ ಹೋಗಿ ಹಾಸಿಗಿ ಆಗತೈತಿ.

ಆಫೀಸಿಗೆ ಉಂಡಿ, ಪೇಡೆ ಒಯ್ಯಾವ್ರು 10 ಗಂಟೆಕ್ಕ ತೆಗೀಬ್ಯಾಡ್ರಿ. ಸಾಹೇಬರು ತಿಂದು, ಕೈ ಒರೆಸಿಕೊಂಡು, ಕಡತ ಕೊಡತಾರ. 4ರ ಚಾದ ಹೊತ್ತಿಗೆ ತೆಗೀರಿ. ತಿಂದ ಮ್ಯಾಲೆ ಆ ದಿನ ಕೊಡಾಕ ಹೊತ್ತು ಉಳಿದಿರೂದಿಲ್ಲ.

ಗಿರ್ಮಿಟ್ ಪ್ರಿಯ
ಗಾಡಿ ಉಳೀತು. ಹತ್ತು ದಿನ ನಿಂತ ಬೈಕಿಗೆ ಮೊದಲು ಸೀಟ್ ಎತ್ತಿ ಇಲಿ ವೈರ್ ಕಡದಾವೇನು ನೋಡ್ರಿ. ಬಿಎಸ್6 (ಕಾರ್ಬೊರೇಟರ್ ಇಲ್ಲದ ಹೊಸಾ) ಗಾಡಿ ಆದ್ರ ಕೀ ತಿರಗಿಸಿ ಎರಡು-ಮೂರು ಸೆಕೆಂಡ್ ತಡೀರಿ, ಪೆಟ್ರೋಲ್ ಪಂಪಿನ ಗುಂಯ್ ಸಪ್ಪಳ ನಿಂತ ಮ್ಯಾಲೆ ಸೆಲ್ಫ್ ಒತ್ರಿ. 5 ಸೆಕೆಂಡ್‌ಕಿಂತ ಹೆಚ್ಚು ಹಿಡಿಬ್ಯಾಡ್ರಿ, 15 ಸೆಕೆಂಡ್ ಬಿಟ್ಟು ಮತ್ತ. ಇದ್ದಷ್ಟು ಬ್ಯಾಟರಿ ಹಾರ್ನ್ ಹೊಡದು ನೋಡೂದ್ರಾಗ ಕಳೀಬ್ಯಾಡ್ರಿ. ಹಳೇ ಕಾರ್ಬೊರೇಟರ್ ಗಾಡಿಗೆ ಚೋಕ್ ಎಳದು ಕಿಕ್ ಹೊಡೀರಿ. ಇದನ್ನೆಲ್ಲಾ ರವಿವಾರ ಮಾಡ್ರಿ. ಸೋಮವಾರ ಗಾಡಿ ಕೈ ಕೊಟ್ರ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿಗೆ ಓಡಬೇಕು. ಅಲ್ಲಿ ಟಿಕೀಟು ಸ್ಟೇಷನ್ನಿನ್ಯಾಗs ತಗೊಂಡು ಒಳಗ ಹೋಗೂದು, ಕೌಂಟರ್ ಪಾಳಿಗೆ ಹತ್ತು-ಹದಿನೈದು ನಿಮಿಷ ಹಿಡೀರಿ.

ಹೊಸೂರ ಕ್ರಾಸ್
ಭಾಳ ಚಲೋ ಆತು. ಶುಕ್ರವಾರ ನಿದ್ದಿ, ಶನಿವಾರ ಹಿಂಡಿ, ರವಿವಾರ ಗಾಡಿ ಮತ್ತ ಲ್ಯಾಪ್‌ಟಾಪು ಅಂತ ಗೋಡಿ ಮ್ಯಾಲೆ ಬರದೀನಿ. ಕಾಕಾ, ಕಡೀಕೆ ಒಂದು ಸಂಶೆ. ದಶಮಿ ಆಗಿ ಐದನೇ ದಿನಕ್ಕ ಶೀಗಿ ಹುಣ್ಣಿವಿ. ಹೊಲಕ್ಕ ಚರಗ (ಬೆಳಿಗೆ ನೈವೇದ್ಯ) ಚೆಲ್ಲಾಕ ಹೋಗಬೇಕು. ಸೇರಿದ ವಾರದಾಗs ರಜಾ ಕೇಳಿದ್ರ ನಡೀತೈತೇನು?

ಕಡತ ಕಾಕಾ
ನಡುವೆ ಕೆಲಸ ಮಾಡಿದ ದಿನ ಇರುವುದರಿಂದ ಅದು ಗಳಿಕೆ ರಜೆಗೆ ಅಂಟಿದಂತೆ ಆಗುವುದಿಲ್ಲ. ಸಾಂದರ್ಭಿಕ ರಜೆ ವರ್ಷಕ್ಕೆ 10 ಇವೆ, ಮೊದಲು 15 ಇದ್ದವು. 2019ರಲ್ಲಿ ನಾಲ್ಕನೇ ಶನಿವಾರ ಕೊಟ್ಟು ಐದು ಹಿಂದಕ್ಕೆ ತಗೊಂಡರು. ಅರ್ಧ ದಿನ ಸಾಕು. ಅರ್ಜಿಯನ್ನು ಸೋಮವಾರ 4 ಗಂಟೆಗೆ, ಪೇಡೆ ಡಬ್ಬಿಯ ಕೆಳಗೆ ಇಟ್ಟು ಕೊಡಿ.

ಗೋಕುಲ ರೋಡ್ ಲೇಥ್
ನಮಗೂ ಒಂದಿಷ್ಟು ಸಜ್ಜಿ ರೊಟ್ಟಿ, ಕಡಬು ಕಟ್ಟಿಕೊಂಡು ಬರ್ರಿ. ದೀಪಾವಳಿ ಅಮಾಸಿ ದಶಮಿಯಿಂದ 20 ದಿನ, ಅಲ್ಲೀ ಮಟಾ ಕೂಲಂಟ್ ಮೂಗಿನ್ಯಾಗs ಇರತೈತಿ.